ಎರಡು ಹೊತ್ತಿನ ಹಾಲಿನ ನಡುವೆ: ಕೈಯಾರೆ ಆಭರಣ ತಯಾರಿ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಹಾಲು ಕರೆಯುವ ಮನೆಗೆ ಭಾನುವಾರವೆಂಬುದಿಲ್ಲ. ವರ್ಷಕ್ಕೆ 365 ದಿನ, ದಿನಕ್ಕೆ ಎರಡು ಹೊತ್ತು, ಒಟ್ಟು 730 ಸಲ ನೀವು ಹಟ್ಟಿಗೆ ಹೋಗಿ ಕುಳಿತುಕೊಳ್ಳಬೇಕು. ಮನೆಯಲ್ಲಿ ಮದುವೆಯಿರಲಿ, ಊರಲ್ಲಿ ನೇಮವಿರಲಿ, ಮೈಯಲ್ಲಿ ಜ್ವರವಿರಲಿ, ಹಸು ಕಾಯುವುದಿಲ್ಲ. ಇಂಥ ನಿಮ್ಮ ಮುಂದೆ ನಿಂತು "ಕೈಯಿಂದ ಆಭರಣ ಮಾಡಲು ಕಲಿಯಿರಿ" ಎಂದರೆ, "ನಮಗೆ ತಲೆ ಬಾಚಿಕೊಳ್ಳಲು ಪುರುಸೊತ್ತಿಲ್ಲ, ಇನ್ನು ಮಣಿ ಪೋಣಿಸುವುದು ಯಾವಾಗ?" ಎಂದು ನೀವು ನಗುವುದು ಸಹಜ. ಆದ್ದರಿಂದ ಇಂದು ಮಣಿಯ ಬಗ್ಗೆ ಎಷ್ಟು ಹೇಳಬೇಕೋ ಅಷ್ಟನ್ನೇ ಪುರುಸೊತ್ತಿನ ಬಗ್ಗೆಯೂ ಹೇಳಬೇಕಾಗಿದೆ. ಈ ಕಲೆಯಲ್ಲಿ ಅತ್ಯಂತ ದುಬಾರಿ ಕಚ್ಚಾವಸ್ತು ನಿಮ್ಮ ಹೊತ್ತು. ಅದನ್ನು ಉಳಿಸುವುದು ಹೇಗೆ, ಉಳಿಸಿದ್ದಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬುದೇ ಇವತ್ತಿನ ವಿಷಯ.

ಇದು ನಮ್ಮ ಕೈಗೆ ಹೊಸದಲ್ಲ

ಆಭರಣ ಎಂದ ಕೂಡಲೇ ನಮಗೆ ಬಂಗಾರದಂಗಡಿ ನೆನಪಾಗುತ್ತದೆ. ಆದರೆ ಬಂಗಾರವಿಲ್ಲದೆಯೂ ಒಡವೆ ಮಾಡುವುದು ಈ ಸೀಮೆಯ ಹಳೆಯ ವಿದ್ಯೆ. ನೇಮದ ದಿನ ದೈವದ ಅಣಿಯನ್ನು ನೋಡಿ. ತೆಂಗಿನ ಎಳೆಯ ಗರಿಯನ್ನು ಸೀಳಿ, ಮಡಚಿ, ಹೆಣೆದು ಕಟ್ಟಿದ ಆ ಅಲಂಕಾರ ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಆದರೂ ಅದನ್ನು ಕಟ್ಟುವವರು ಒಂದು ಎಳೆಯನ್ನೂ ಓರೆಯಾಗಲು ಬಿಡುವುದಿಲ್ಲ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕಗಳು ಹಗುರವಾದ ಮರ, ಬಣ್ಣದ ಹಾಳೆ, ಕನ್ನಡಿ ಚೂರು, ಮಣಿಗಳಿಂದ ಆದವು. ರಂಗಸ್ಥಳದ ಬೆಳಕಿನಲ್ಲಿ ಅವೇ ಅರಸರ ಒಡವೆಯಾಗುತ್ತವೆ. ಬಂಟ್ವಾಳದ ಪೊಳಲಿಯಲ್ಲಿ ರಾಜರಾಜೇಶ್ವರಿಯ ಮೂರ್ತಿಯೇ ಮಣ್ಣಿನದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿದ್ದು 1430ರ ಸುಮಾರಿಗೆ. ಅದರ ಕಂಬಗಳ ಸುತ್ತ ಒಮ್ಮೆ ನಿಧಾನವಾಗಿ ನಡೆದರೆ ಹಾರ, ಪದಕ, ಬಳ್ಳಿಗಳ ಎಷ್ಟೊಂದು ನಮೂನೆಗಳಿವೆ ಎಂದು ತಿಳಿಯುತ್ತದೆ. ಹೊಸ ಮಾದರಿ ಹುಡುಕಲು ನೀವು ದೂರ ಹೋಗಬೇಕಾಗಿಲ್ಲ, ಒಂದು ನೋಟು ಪುಸ್ತಕ ಮತ್ತು ಪೆನ್ಸಿಲ್ ಸಾಕು.

ಇನ್ನು ನಿಮ್ಮ ಬೆರಳುಗಳ ವಿಷಯ. ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಬಾಳೆನಾರಿನಲ್ಲಿ 800 ಹೂವು ಕಟ್ಟಿದರೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಹೂವು ಈ ಬೆರಳುಗಳ ನಡುವೆ ಹಾದು ಹೋಗುತ್ತವೆ. ನಮ್ಮ ಅನೇಕ ಮನೆಗಳಲ್ಲಿ ಹೆಂಗಸರು ವರ್ಷಗಟ್ಟಲೆ ಬೀಡಿ ಕಟ್ಟಿದ್ದಾರೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದ ಕೈಗೆ ಮಣಿ ಪೋಣಿಸುವುದು ಕಷ್ಟವಲ್ಲ. ವ್ಯತ್ಯಾಸ ಒಂದೇ. ಬೀಡಿಯಲ್ಲಿ ಒಂದು ಇನ್ನೊಂದಕ್ಕಿಂತ ಬೇರೆಯಾಗಿದ್ದರೆ ಅದು ತಿರಸ್ಕಾರಕ್ಕೆ ಹೋಗುತ್ತದೆ. ಕೈ ಆಭರಣದಲ್ಲಿ ಬೇರೆಯಾಗಿದ್ದುದನ್ನೇ ಗಿರಾಕಿ ಮೊದಲು ಕೈಗೆತ್ತಿಕೊಳ್ಳುತ್ತಾಳೆ. ಹೇಗಿರಬೇಕು ಎಂದು ತೀರ್ಮಾನಿಸುವವರು ಇಲ್ಲಿ ನೀವೇ.

ಪುರುಸೊತ್ತು ಎಲ್ಲಿಂದ?

ಹಿಂದೆ ಆಟಿ ತಿಂಗಳ ಮಳೆಯಲ್ಲಿ ಗದ್ದೆ ಕೆಲಸ ನಿಂತು ಹೋಗುತ್ತಿತ್ತು. ಹೆಂಗಸರು, ಮಕ್ಕಳು ಚಾವಡಿಯಲ್ಲಿ ಚೆನ್ನೆಮಣೆ ಮುಂದೆ ಕುಳಿತು ಮಂಜೊಟ್ಟಿ ಬೀಜ ಎಣಿಸುತ್ತಿದ್ದರು. ಗದ್ದೆಗೆ ಆಟಿ ಇತ್ತು, ಹಟ್ಟಿಗೆ ಆಟಿ ಇಲ್ಲ. ಹಾಗಾಗಿ ಹೈನುಗಾರಿಕೆಯ ಮನೆಯವರು ಪುರುಸೊತ್ತನ್ನು ತಿಂಗಳ ಲೆಕ್ಕದಲ್ಲಿ ಹುಡುಕಿದರೆ ಸಿಗುವುದಿಲ್ಲ, ದಿನದ ಒಳಗೇ ಹುಡುಕಬೇಕು.

ನಿಮ್ಮ ದಿನವನ್ನೇ ನೋಡಿ. ಬೆಳಗ್ಗೆ ಹಾಲು ಸೊಸೈಟಿಗೆ ಹೋಯಿತು. ಹಟ್ಟಿ ತೊಳೆದು, ಹುಲ್ಲು ತಂದು, ಅಡುಗೆ ಊಟ ಮುಗಿಯುವಾಗ ಮಧ್ಯಾಹ್ನ. ಸಂಜೆಯ ಹಾಲಿಗೆ ಮುಂಚೆ ಹಸು ಮಲಗಿ ಮೆಲುಕು ಹಾಕುವ ಒಂದು ಹೊತ್ತಿದೆ. ಆ ಹೊತ್ತಿನಲ್ಲಿ ಹಸುವನ್ನು ಎಬ್ಬಿಸಬಾರದೆಂದು ನಮಗೆಲ್ಲ ಗೊತ್ತು, ಮೆಲುಕು ಹಾಕದ ಹಸು ಹಾಲು ಕೊಡುವುದಿಲ್ಲ. ಮನೆಯ ಹೆಂಗಸಿಗೂ ಅಂಥ ಒಂದು ಹೊತ್ತು ಬೇಕೆಂಬುದನ್ನು ಮಾತ್ರ ನಾವು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ದಿನಕ್ಕೆ ಅರ್ಧ ಗಂಟೆ, ವಾರಕ್ಕೆ 5 ದಿನ ಎಂದಿಟ್ಟುಕೊಳ್ಳಿ. ವರ್ಷಕ್ಕೆ 130 ಗಂಟೆಯಾಯಿತು. ದಿನಕ್ಕೆ 8 ಗಂಟೆಯಂತೆ ಲೆಕ್ಕ ಹಾಕಿದರೆ 16 ಪೂರ್ತಿ ದಿನಗಳ ಕೆಲಸ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಹಾಲಿಗೆ ಹೇಗೋ ಹೊತ್ತಿಗೂ ಹಾಗೆಯೇ. ಆದರೆ ಆ ಅರ್ಧ ಗಂಟೆಗೆ ಗಡಿಯಾರದಲ್ಲಿ ಒಂದು ಜಾಗ ಕೊಡಬೇಕು. ಸೊಸೈಟಿಗೆ ಹಾಲು ಕೊಡುವ ಹೊತ್ತು ತಪ್ಪಿದರೆ ಹಾಲು ಮನೆಯಲ್ಲೇ ಉಳಿಯುತ್ತದೆಂದು ನಾವು ಓಡುತ್ತೇವಲ್ಲ, ಆ ಶಿಸ್ತು ಇದಕ್ಕೂ ಬೇಕು. "ಕೆಲಸವೆಲ್ಲ ಮುಗಿದ ಮೇಲೆ" ಎಂದು ಕಾದರೆ ಆಗುವುದಿಲ್ಲ. ಮನೆ ಕೆಲಸ ಮುಗಿದ ದಿನವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ಒಂದು ಉಪಾಯವಿದೆ. ಕೆಲಸವನ್ನು ಎರಡು ಬಗೆಯಾಗಿ ವಿಂಗಡಿಸಿ. ಮಣಿ ಬಣ್ಣವಾರು ಆರಿಸುವುದು, ನೂಲಿನ ಎಳೆ ಜೋಡಿಸುವುದು, ಸರ ಪೋಣಿಸುವುದು ಎಲ್ಲ ಯಾರಾದರೂ ಕರೆದರೆ ಕೆಳಗಿಟ್ಟು ಎದ್ದು ಹೋಗಬಹುದಾದ ಕೆಲಸಗಳು. ಅಂಟು ಹಚ್ಚುವುದು, ಮಣ್ಣಿಗೆ ರೂಪ ಕೊಡುವುದು, ಬಣ್ಣ ಬಳಿಯುವುದು ನಡುವೆ ಬಿಡಲಾಗದ ಕೆಲಸಗಳು. ಮೊದಲನೆಯದನ್ನು ವಾರದ ದಿನಗಳಿಗೆ, ಎರಡನೆಯದನ್ನು ಮನೆಯಲ್ಲಿ ಇನ್ನೊಬ್ಬರಿರುವ ದಿನಕ್ಕೆ ಇಟ್ಟುಕೊಳ್ಳಿ. ಸಾಮಾನೆಲ್ಲ ಮುಚ್ಚಳವಿರುವ ಒಂದೇ ಡಬ್ಬಿಯಲ್ಲಿರಲಿ. ಹುಡುಕುವುದರಲ್ಲೇ ಹತ್ತು ನಿಮಿಷ ಹೋದರೆ ಅರ್ಧ ಗಂಟೆಯಲ್ಲಿ ಏನು ಉಳಿದೀತು?

ಎಲ್ಲಿ ಕಲಿಯುವುದು?

ನಮ್ಮ ಅದೃಷ್ಟಕ್ಕೆ ದೇಶಕ್ಕೇ ಮಾದರಿಯಾದ ಸಂಸ್ಥೆಯೊಂದು ನಮ್ಮ ಮಗ್ಗುಲಲ್ಲೇ ಇದೆ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಭಾಗಿತ್ವದಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಇದನ್ನೇ ಮಾದರಿಯಾಗಿಟ್ಟುಕೊಂಡು 2009ರಿಂದ ಕೇಂದ್ರ ಸರಕಾರ ಜಿಲ್ಲೆಗೊಂದರಂತೆ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ಸ್ಥಾಪಿಸಿತು. ಇಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ. ಈ ಸಂಸ್ಥೆಗಳ ತರಬೇತಿಗಳ ಪಟ್ಟಿಯಲ್ಲಿ ಕೃತಕ ಆಭರಣ ತಯಾರಿಗೆ 13 ದಿನಗಳ ಶಿಬಿರವಿದೆ. ಮುಂದಿನ ತಂಡ ಯಾವಾಗ, ವಯಸ್ಸಿನ ಮಿತಿ ಎಷ್ಟು, ಯಾವ ದಾಖಲೆ ಬೇಕು ಎಂಬುದನ್ನು ಉಜಿರೆಯಲ್ಲೇ ವಿಚಾರಿಸಿಕೊಳ್ಳಿ.

"13 ದಿನ ಹಟ್ಟಿ ಬಿಟ್ಟು ಹೋಗುವುದು ಹೇಗೆ?" ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಒಂದೇ ಕರೆಯುವ ಹಸುವಿರುವ ಮನೆಗೆ ಉತ್ತರ ಹಸುವಿನಲ್ಲೇ ಇದೆ. ಗಬ್ಬದ ಹಸುವನ್ನು ಕರು ಹಾಕುವ ಸುಮಾರು 60 ದಿನ ಮೊದಲೇ ಹಾಲು ಬತ್ತಿಸುತ್ತೇವಲ್ಲ? ಬತ್ತಿಸಿದ ಮೊದಲ ಒಂದೆರಡು ವಾರ ಕೆಚ್ಚಲಿನ ಮೇಲೆ ಕಣ್ಣಿಡಬೇಕು, ಕೊನೆಯ ಎರಡು ವಾರ ಕರುವಿನ ನಿರೀಕ್ಷೆ. ನಡುವಿನ ಒಂದು ತಿಂಗಳಲ್ಲಿ ಕರೆಯುವ ಕೆಲಸವಿಲ್ಲ. ತರಬೇತಿಗೆ ಹೋಗಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕೃತಕ ಗರ್ಭಧಾರಣೆ ಮಾಡಿಸಿದ ತಾರೀಕು ಬರೆದಿಟ್ಟುಕೊಂಡವರಿಗೆ ಇದನ್ನು ತಿಂಗಳುಗಟ್ಟಲೆ ಮೊದಲೇ ಲೆಕ್ಕ ಹಾಕಬಹುದು.

ಹೆಚ್ಚು ಹಸುಗಳಿದ್ದರೆ ಮನೆಯ ಇನ್ನೊಬ್ಬರ ಕೈಯನ್ನು ಹಸುವಿಗೆ ಪರಿಚಯ ಮಾಡಿಸಬೇಕು. ಹೊರಡುವ ಹತ್ತು ಹದಿನೈದು ದಿನ ಮೊದಲಿನಿಂದ ಅವರು ನಿಮ್ಮ ಪಕ್ಕದಲ್ಲಿ ಕುಳಿತು ಕರೆಯಲಿ. ಹೊತ್ತು ಅದೇ, ಹಸುಗಳ ಸರದಿ ಅದೇ, ಪಾತ್ರೆ ಅದೇ ಇರಲಿ. ಹೆದರಿದ ಹಸು ಹಾಲು ಇಳಿಸುವುದಿಲ್ಲ, ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ದಾರಿ. ಹಸುವಿಗೆ ಒಬ್ಬರದೇ ಕೈ ರೂಢಿಯಾಗಿರುವುದು ಯಾವ ಮನೆಗೂ ಒಳ್ಳೆಯದಲ್ಲ. ನಾಳೆ ನೀವು ಕಾಯಿಲೆ ಬಿದ್ದರೂ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಯಾವುದರಿಂದ ಆರಂಭ?

ಮೊದಲು ಮಣಿ ಸರ. ಎರಡು ಬಗೆಯ ಇಕ್ಕಳ, ಅಂದರೆ ತುದಿ ಚಪ್ಪಟೆಯಾದದ್ದು ಮತ್ತು ತುದಿ ದುಂಡಗಿನದು, ಒಂದು ಕಟ್ಟರ್, ಗೇರ್ ವೈರ್, ಸಣ್ಣ ಉಂಗುರಗಳು, ಕೊಂಡಿ, ಮಣಿ. ಇಷ್ಟಿದ್ದರೆ ಸಾಕು. ದುಂಡು ತುದಿಯ ಇಕ್ಕಳದಲ್ಲಿ ತಂತಿಯ ತುದಿಯನ್ನು ಸಂದಿಲ್ಲದ ಉಂಗುರವಾಗಿ ತಿರುಗಿಸಲು ಬಂದ ದಿನ ಅರ್ಧ ವಿದ್ಯೆ ಬಂದಂತೆ. ಹೆಚ್ಚಿನ ಸರಗಳು ಕಡಿಯುವುದು ಮಣಿಯಲ್ಲಲ್ಲ, ಈ ಕೊಂಡಿಯ ಸಂದಿಯಲ್ಲಿ. ನಮ್ಮ ಕರಾವಳಿಯ ಬೆವರು, ಉಪ್ಪು ಗಾಳಿಗೆ ಅಗ್ಗದ ಕೊಂಡಿ ಬೇಗ ಕಪ್ಪಾಗುತ್ತದೆ, ಕೆಲವರ ಕಿವಿ ತುರಿಸುತ್ತದೆ. ಮಣಿಯಲ್ಲಿ ಉಳಿಸಿ, ಕೊಂಡಿಯಲ್ಲಿ ಉಳಿಸಬೇಡಿ.

ಎರಡನೆಯದು ರೇಷ್ಮೆ ನೂಲಿನ ಬಳೆ. ಸಾದಾ ಬಳೆಯ ಮೇಲೆ ನೂಲಿನ ಹಲವು ಎಳೆಗಳನ್ನು ಒಟ್ಟಾಗಿ, ಒಂದರ ಮೇಲೊಂದು ಏರದಂತೆ ಒತ್ತಾಗಿ ಸುತ್ತಿ, ಕೊನೆಗೆ ಅಂಟಿನಿಂದ ಬಿಗಿಯುವುದು. ಮದುವೆಯ ಸೀರೆಯ ಬಣ್ಣಕ್ಕೆ ಸರಿಹೊಂದಿಸಿ ಕೊಡಬಹುದಾದ್ದರಿಂದ ಊರಲ್ಲೇ ಬೇಡಿಕೆಯಿದೆ.

ಮೂರನೆಯದು ಮಣ್ಣಿನ ಆಭರಣ. ನೇತ್ರಾವತಿ ದಂಡೆಯ ಮಣ್ಣಿಗೆ ಬೇರೆ ಪರಿಚಯ ಬೇಡ. ಮಂಗಳೂರು ಹೆಂಚಿಗೆ ಹೆಸರು ತಂದ ಜೇಡಿಮಣ್ಣು ನಮ್ಮ ನದಿಗಳ ಬಯಲಿನದೇ. ಮಣ್ಣನ್ನು ನೆನೆಸಿ, ಬಟ್ಟೆಯಲ್ಲಿ ಸೋಸಿ, ಗಾಳಿ ಗುಳ್ಳೆ ಉಳಿಯದಂತೆ ಚೆನ್ನಾಗಿ ನಾದಬೇಕು. ಒಣಗುವಾಗ ಮಣ್ಣು ಕುಗ್ಗುವುದರಿಂದ ತೂತನ್ನು ಬೇಕಾದುದಕ್ಕಿಂತ ತುಸು ದೊಡ್ಡದಾಗಿ ಹಸಿಯಿರುವಾಗಲೇ ಚುಚ್ಚಬೇಕು. ನೆರಳಲ್ಲಿ ಒಣಗಿಸಿ. ಒಣಗಿತೋ ಇಲ್ಲವೋ ತಿಳಿಯಲು ಕೆನ್ನೆಗೆ ತಾಗಿಸಿ ನೋಡಿ, ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ. ಹಾಗೆಯೇ ಸುಟ್ಟರೆ ಒಳಗಿನ ನೀರು ಆವಿಯಾಗಿ ಮಣಿ ಸಿಡಿಯುತ್ತದೆ. ಸುಡಲು ಉಮಿ, ಮರದ ಹುಡಿ, ಬೆರಣಿ ಎಲ್ಲ ನಿಮ್ಮ ಮನೆಯಲ್ಲೇ ಇವೆ. ಮೊದಲು ಸಣ್ಣ ಬಿಸಿ, ಅನಂತರ ಜೋರು. ಗಾಳಿ ಆಡಿದರೆ ಕೆಂಪು ಬಣ್ಣ, ಗಾಳಿ ಕಟ್ಟಿ ಹೊಗೆಯಲ್ಲಿ ಬೆಂದರೆ ಕಪ್ಪು. ಊರಿನ ಕುಂಬಾರರ ಮನೆಯ ಹಿರಿಯರಲ್ಲಿ ಕೇಳಿ ಕಲಿತರೆ ಅರ್ಧದಷ್ಟು ಮಣಿ ಒಡೆಯುವುದು ತಪ್ಪುತ್ತದೆ.

ಮಳೆಗಾಲದಲ್ಲಿ ಮಣ್ಣು ಒಣಗುವುದಿಲ್ಲ, ಆಗ ಮಣಿ ಮತ್ತು ನೂಲಿನ ಕೆಲಸ ಮಾಡಿ. ಆಟಿಯಲ್ಲಿ ಮಾಡಿಟ್ಟದ್ದು ಚೌತಿ, ನವರಾತ್ರಿಗೆ ಮಾರಾಟಕ್ಕೆ ಸಿದ್ಧ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಹೊಸತೇನನ್ನೂ ಹಚ್ಚಿಕೊಳ್ಳಬೇಡಿ.

ಹಟ್ಟಿಯ ಬಗ್ಗೆ ಎಚ್ಚರ

ಈ ಭಾಗವನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಹಸು ಮೇವನ್ನು ಆರಿಸಿ ತಿನ್ನುವುದಿಲ್ಲ, ನಾಲಿಗೆಯಿಂದ ಎಳೆದು ನುಂಗುತ್ತದೆ. ಬೈಹುಲ್ಲಿನಲ್ಲಿ ಸೇರಿದ ಒಂದು ತುಂಡು ತಂತಿ ಅಥವಾ ಪಿನ್ನು ಜೇನುಗೂಡಿನಂತಿರುವ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಹೃದಯಕ್ಕೆ ಕೆಲವೇ ಅಂಗುಲ ದೂರ, ನಡುವೆ ಒಂದು ತೆಳು ಪೊರೆ. ಹಸು ಮೇವು ಬಿಡುವುದು, ಬೆನ್ನು ಬಿಲ್ಲಿನಂತೆ ಮಾಡಿ ನಿಲ್ಲುವುದು, ಹಾಲು ಒಮ್ಮೆಲೇ ಇಳಿಯುವುದು ಇದರ ಲಕ್ಷಣಗಳು. ಕೂಡಲೇ ಪಶುವೈದ್ಯರನ್ನು ಕರೆಯಬೇಕು. ನೂರು ರೂಪಾಯಿಯ ಸರಕ್ಕಾಗಿ ಹಸುವನ್ನು ಕಳೆದುಕೊಳ್ಳುವಂತಾಗಬಾರದು.

ಆದ್ದರಿಂದ ತಂತಿಯ ಕೆಲಸವನ್ನು ಹಟ್ಟಿಯಲ್ಲಾಗಲಿ, ಹುಲ್ಲು ಇಡುವಲ್ಲಾಗಲಿ ಮಾಡಲೇಬಾರದು. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕುಳಿತು ಮಾಡಿ, ಕತ್ತರಿಸಿದ ಚೂರುಗಳನ್ನು ಆಗಾಗಲೇ ಡಬ್ಬಿಗೆ ಹಾಕಿ. ಕಸವನ್ನು ಗೊಬ್ಬರ ಗುಂಡಿಗೆ ಸುರಿಯಬೇಡಿ. ಆಯಸ್ಕಾಂತ ಹಾಯಿಸಿದರೆ ಸಾಕೆಂದುಕೊಳ್ಳಬೇಡಿ, ತಾಮ್ರ, ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ. ಬಣ್ಣ, ವಾರ್ನಿಶ್‌ಗಳನ್ನು ಹಾಲಿನ ಕ್ಯಾನಿನಿಂದ ದೂರವಿಡಿ, ಹಾಲು ವಾಸನೆಯನ್ನು ಬೇಗ ಹೀರುತ್ತದೆ. ಕರೆಯುವ ಮೊದಲು ಕೈಗೆ ಅಂಟಿದ ಬಣ್ಣ ಪೂರ್ತಿ ಹೋಗುವಂತೆ ತೊಳೆಯಿರಿ.

ಗುಲಗಂಜಿಯನ್ನು ಮಾತ್ರ ಮುಟ್ಟಬೇಡಿ. ಕೆಂಪು ಮೈ, ಕಪ್ಪು ಕಣ್ಣಿನ ಆ ಬೀಜ ನೋಡಲು ಚೆಂದ, ಒಳಗೆ ಮಾತ್ರ ಕಡು ವಿಷ. ಪೋಣಿಸಲು ತೂತು ಮಾಡಿದರೆ ಗಟ್ಟಿ ಸಿಪ್ಪೆ ಒಡೆದು ವಿಷಕ್ಕೆ ದಾರಿಯಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಗುಲಗಂಜಿಯನ್ನು ಅರೆದು ಸೂಜಿಯಂತೆ ಮಾಡಿ, ಚರ್ಮದ ಆಸೆಗೆ ದನಗಳಿಗೆ ಚುಚ್ಚಿ ಕೊಂದ ಪ್ರಕರಣಗಳು ದಾಖಲಾಗಿವೆ. ಮಕ್ಕಳೂ ಹಸುವೂ ಇರುವ ಮನೆಗೆ ಅದು ಬೇಡ.

ಲೆಕ್ಕ ಹೇಗೆ ಹಾಕಬೇಕು?

ಸೊಸೈಟಿಯಲ್ಲಿ ಹಾಲಿನ ಕೊಬ್ಬು ಎಷ್ಟು ಎಂದು ನಾವು ಪಾಯಿಂಟಿನ ಲೆಕ್ಕದಲ್ಲಿ ಕೇಳುತ್ತೇವೆ. ಆದರೆ ನಮ್ಮ ದುಡಿಮೆಯ ಗಂಟೆಯನ್ನು ಯಾರೂ ಬರೆದಿಡುವುದಿಲ್ಲ. ಆಭರಣದಲ್ಲಿ ಆ ತಪ್ಪು ಬೇಡ.

ಒಂದು ಉದಾಹರಣೆ ಹಾಕೋಣ. ಒಂದು ಸರಕ್ಕೆ ಮಣಿ 60 ರೂ., ತಂತಿ ಮತ್ತು ಕೊಂಡಿ 10 ರೂ., ಪೆಟ್ಟಿಗೆ 5 ರೂ., ಒಟ್ಟು 75 ರೂ. ಮಾಡಲು 2 ಗಂಟೆ ಹಿಡಿಯಿತು. ಗಂಟೆಗೆ 50 ರೂ. ಎಂದರೆ ನಿಮ್ಮ ಕೂಲಿ 100 ರೂ. ಅಲ್ಲಿಗೆ ಅಸಲು 175 ರೂ. ಅಂಗಡಿಯವರು ನೂರಕ್ಕೆ 20 ಕಮಿಷನ್ ಇಟ್ಟುಕೊಂಡರೆ ಮಾರಾಟ ಬೆಲೆ 220 ರೂ. ಆದರೂ ಇರಬೇಕು. "ಪಕ್ಕದ ಮನೆಯವರು ತಾನೇ" ಎಂದು 120 ರೂಪಾಯಿಗೆ ಕೊಟ್ಟರೆ ನಿಮ್ಮ ಗಂಟೆ 22 ರೂಪಾಯಿ 50 ಪೈಸೆಗೆ ಹೋಯಿತು. ಉಡುಗೊರೆ ಕೊಡಬೇಕೆನಿಸಿದರೆ ಸಂತೋಷದಿಂದ ಕೊಡಿ, ಆದರೆ ಅದನ್ನು ವ್ಯಾಪಾರದ ಪುಸ್ತಕದಲ್ಲಿ ಬರೆಯಬೇಡಿ.

ಇನ್ನೊಂದು ಎಚ್ಚರಿಕೆ. "ಮನೆಯಲ್ಲೇ ಆಭರಣ ಮಾಡಿ ಕೊಡಿ, ಮಾಡಿದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ, ಮೊದಲು ಠೇವಣಿ ಕಟ್ಟಿ" ಎನ್ನುವವರನ್ನು ನಂಬಬೇಡಿ. ಮಾಡಿದ್ದನ್ನು "ಸರಿಯಾಗಿಲ್ಲ" ಎಂದು ಮರಳಿಸಿ ಠೇವಣಿ ನುಂಗುವ ವಂಚನೆ ಎಷ್ಟೋ ಊರುಗಳಲ್ಲಿ ನಡೆದಿದೆ. ಕೆಲಸ ಕೊಡುವವರು ನಿಮಗೆ ಹಣ ಕೊಡಬೇಕು, ನಿಮ್ಮಿಂದ ಪಡೆಯಬಾರದು.

ಆರಂಭದಲ್ಲೇ ಹೈನಿನ ಆದಾಯಕ್ಕೆ ಇದು ಸಮನಾಗುತ್ತದೆಂದೂ ಎಣಿಸಬೇಡಿ. ಹಾಲಿನ ಹಣ ಮನೆ ನಡೆಸಲಿ. ಮೊದಲ ವರ್ಷ ಈ ಕೆಲಸ ತನ್ನ ಸಾಮಾನಿನ ಖರ್ಚನ್ನು ತಾನೇ ಹೊತ್ತರೆ ಸಾಕು.

ಸಹಕಾರದ ದಾರಿ

ಹಾಲಿನಲ್ಲಿ ನಾವು ಒಬ್ಬೊಬ್ಬರೇ ಇದ್ದಾಗ ಬೆಲೆ ಹೇಳುವವರು ಬೇರೆಯಾಗಿದ್ದರು. ಸಂಘ ಕಟ್ಟಿದ ಮೇಲೆ ಅದು ಬದಲಾಯಿತು. ಕರಕುಶಲಕ್ಕೂ ಇದೇ ದಾರಿ ಎಂದು ತೋರಿಸಿದವರು ನಮ್ಮದೇ ಜಿಲ್ಲೆಯ ಮಗಳು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ದಿಲ್ಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಮ್ಮನ್ನು ಆ ಸಹಕಾರ ಸಂಸ್ಥೆಯೇ ಹಲವು ವರ್ಷ ನಡೆಸಿತು. 1952ರಲ್ಲಿ ಅವರು ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾದರು. ಹಾಲಿನ ಸಹಕಾರಕ್ಕಾಗಿ ಡಾ. ವರ್ಗೀಸ್ ಕುರಿಯನ್ ಮತ್ತು ಸಂಗಡಿಗರಿಗೆ 1963ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿ, 1966ರಲ್ಲಿ ಕಮಲಾದೇವಿಯವರಿಗೂ ಬಂದಿತು. ಹಾಲಿನ ಕೆಲಸ, ಕೈ ಕೆಲಸ ಎರಡೂ ಒಂದೇ ಸಹಕಾರದ ಕೊಂಬೆಗಳು.

ನಾವು ಮಾಡಬಹುದಾದದ್ದು ಇಷ್ಟು. ಹತ್ತು ಸದಸ್ಯೆಯರು ಸೇರಿ ಮಣಿ, ತಂತಿಗಳನ್ನು ಸಗಟಾಗಿ ತರಿಸಿ ಹಂಚಿಕೊಳ್ಳಿ. ನಿಮ್ಮ ಸಂಘದ ಕಟ್ಟಡ ಬೆಳಗ್ಗಿನ ಹಾಲು ಹೋದ ಮೇಲೆ ಸಂಜೆಯವರೆಗೆ ಹೆಚ್ಚಾಗಿ ಮುಚ್ಚಿರುತ್ತದೆ. ವಾರಕ್ಕೊಂದು ಮಧ್ಯಾಹ್ನ ಅದರ ಸಭಾ ಕೋಣೆಯನ್ನು ಕೇಳಿ. ಹಾಲು ಅಳೆಯುವ ಜಾಗವನ್ನು ಮಾತ್ರ ಬಳಸಬೇಡಿ. ಆಡಳಿತ ಮಂಡಳಿಯವರು ಇದಕ್ಕೆ ಇಲ್ಲ ಎನ್ನಲಾರರು. ಒಬ್ಬರು ಉಜಿರೆಯಲ್ಲಿ ಕಲಿತು ಬಂದರೆ ಉಳಿದ ಒಂಬತ್ತು ಮಂದಿಗೆ ಅಲ್ಲೇ ಕಲಿಸಬಹುದು. ಮಾರಾಟಕ್ಕೆ ಸಂಜೀವಿನಿ ಒಕ್ಕೂಟದ ಮಳಿಗೆಗಳು, ಊರಿನ ಜಾತ್ರೆ, ಧರ್ಮಸ್ಥಳದ ಲಕ್ಷದೀಪೋತ್ಸವದ ವಸ್ತು ಪ್ರದರ್ಶನ ಮೊದಲಾದ ಅವಕಾಶಗಳಿವೆ.

ಮನೆಯವರಿಗೆ ಒಂದು ಮಾತು

ಗಂಡಸರೇ, ಹಿರಿಯ ಅತ್ತೆಯಂದಿರೇ, ಈ ಅರ್ಧ ಗಂಟೆಯನ್ನು ಉಳಿಸುವುದು ಬೇಡ ಎನ್ನುವುದೂ, ಸರಿ ಎನ್ನುವುದೂ ನಿಮ್ಮ ಕೈಯಲ್ಲಿದೆ. ಸಂಜೆಯ ಹಾಲನ್ನು ವಾರಕ್ಕೆ ಎರಡು ದಿನ ನೀವು ಸೊಸೈಟಿಗೆ ಒಯ್ದರೆ ಹೋಗಿ ಬರುವ ಹೊತ್ತು ಆಕೆಗೆ ಉಳಿಯುತ್ತದೆ. ಆಕೆ ಮಣಿ ಡಬ್ಬಿ ತೆರೆದು ಕುಳಿತಾಗ "ಒಂದು ಲೋಟ ಚಾ" ಎಂದು ಕರೆಯದಿರುವುದೂ ಸಹಾಯವೇ. "ಇದರಿಂದ ಎಷ್ಟು ಬಂತು?" ಎಂದು ಮೊದಲ ವಾರದಲ್ಲೇ ಕೇಳಬೇಡಿ. ಕರು ಹುಟ್ಟಿದ ದಿನವೇ ಯಾರೂ ಹಾಲಿನ ಲೆಕ್ಕ ಕೇಳುವುದಿಲ್ಲ.

ಬಂಧುಗಳೇ, ನೀವು ಕೊಡುವ ಹಾಲು ಕ್ಯಾನಿನಿಂದ ಟ್ಯಾಂಕರಿಗೆ ಹೋಗಿ ಸಾವಿರ ಮನೆಗಳ ಹಾಲಿನೊಡನೆ ಒಂದಾಗುತ್ತದೆ. ಅಲ್ಲಿ ಇದು ಯಾರ ಮನೆಯದೆಂದು ಗುರುತಿಲ್ಲ, ಗುರುತಿಲ್ಲದಿರುವುದೇ ನಮ್ಮ ಬಲ. ಆದರೆ ಮನುಷ್ಯರಿಗೆ ಇದು ನಾನು ಮಾಡಿದ್ದು ಎಂದು ಬೊಟ್ಟು ಮಾಡಿ ತೋರಿಸಬಹುದಾದ ವಸ್ತುವೊಂದು ಬೇಕಾಗುತ್ತದೆ. ನಾಳೆ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೋ ನಾದಿನಿಯ ಮದುವೆಗೋ ನಿಮ್ಮ ಕೈಯ ಸರ ಹೋಗುವುದಾದರೆ ಆ 130 ಗಂಟೆ ವ್ಯರ್ಥವಾಗಲಿಲ್ಲ.

ನಾಳೆ ಮಧ್ಯಾಹ್ನ ಊಟವಾದ ಮೇಲೆ, ಹಸು ಮಲಗಿದ ಹೊತ್ತಿಗೆ, ಒಂದು ಡಬ್ಬಿ ಮತ್ತು ಒಂದು ಬಿಳಿ ಬಟ್ಟೆ ತೆಗೆದಿಡಿ. ಉಳಿದದ್ದು ಆಮೇಲೆ.